ನಲವತ್ತು ತೋಟಾ

ದೇಚಮ್ಮ ಕೈಯಾರೆ ಮದ್ದು ತುಂಬಿದ ಕೋವಿಯ ತೋಟಾಗಳು ನಲವತ್ತು. ಅವುಗಳಲ್ಲಿ ಒಂದಕ್ಕೆ ಎರಡು ಪಾಲು ಮದ್ದು ಬಿದ್ದಿರಬಹುದು. ಯಾವುದಕ್ಕೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಅಂಥದ್ದು ಸಿಡಿದರೆ ಕೋವಿಯೇ ಒಡೆದು ಹೊಡೆದವರ ಮುಖಕ್ಕೆ ಬರುತ್ತದೆ.

ಅವಳಿಗೆ ಈ ಕೆಲಸ ಕಲಿಸಿದ ಗುರು ಮೇದಪ್ಪ ಸೈನ್ಯದಲ್ಲಿ ಕೋವಿ ರಿಪೇರಿ ಮಾಡಿ ಮುದುಕನಾದವನು; ನಂಟನಲ್ಲದಿದ್ದರೂ ಅವಳ ಬಾಯಲ್ಲಿ 'ಮಾವ'. ಹೊಳೆದಂಡೆಯ ಅವನ ಶೆಡ್ಡಿನಲ್ಲಿ ಎರಡೇ ನಿಯಮ. ಮದ್ದು ತುಂಬುವಾಗ ಮಾತಾಡಬಾರದು. ಮದ್ದು ಶೆಡ್ಡಿನ ಹೊಸ್ತಿಲು ದಾಟಬಾರದು.

ದೇಚಮ್ಮ ಎರಡನ್ನೂ ಮುರಿದಿದ್ದಳು.

ಭಾನುವಾರ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. "ಅಂಗಡಿ ತೋಟಾ ಯಾಕೆ? ನಾನು ತುಂಬಿದ್ದು ಕೂದಲೆಳೆಯಷ್ಟೂ ತಪ್ಪಲ್ಲ" ಎಂದು ತಂಡದ ಮೂವರ ಮುಂದೆ ಜಂಬ ಕೊಚ್ಚಿದ್ದಳು. ಗುರುವಿಗೆ ಹೇಳದೆ ಮದ್ದನ್ನು ಮನೆಗೆ ಒಯ್ದಳು. ಊಟದ ಮೇಜಿನ ಮೇಲೆ ತುಂಬುತ್ತಿದ್ದಾಗ ಅತ್ತೆ ಒಳಗಿನಿಂದ ಕೂಗಿದರು.

"ಅಕ್ಕಿ ನೆನೆಹಾಕಿದೆಯೇನೇ?"

"ಹಾಕಿದ್ದೀನಿ ಅತ್ತೆ."

ಕೈ ಮಾತ್ರ ನಿಲ್ಲಲಿಲ್ಲ. ಎಲ್ಲಕ್ಕೂ ಗುಂಡು ಕೂರಿಸಿ ಡಬ್ಬಿಗೆ ಸುರಿದ ಮೇಲೆ ಅನುಮಾನ ಹೊಕ್ಕಿತು. ಅತ್ತೆ ಕೂಗಿದಾಗ ಕೈಯಲ್ಲಿದ್ದದ್ದಕ್ಕೆ ಎರಡು ಸಲ ಮದ್ದು ಹಾಕಿದೆನೆ?

ಒಂದೊಂದನ್ನೇ ತೂಗಿ ನೋಡಿದಳು. ತೋಟಾಗಳ ಹಿತ್ತಾಳೆ ಕವಚಗಳೆಲ್ಲ ಹಳೆಯವು, ಬಗೆಬಗೆಯವು. ಯಾವ ಎರಡೂ ಒಂದೇ ತೂಕ ಬರಲಿಲ್ಲ; ಹೆಚ್ಚು ಮದ್ದು ಯಾವುದರಲ್ಲಿ ಎಂದು ತಿಳಿಯುವಂತಿರಲಿಲ್ಲ.

ಡಬ್ಬಿಯನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟಳು. ಬೀರುವಿನ ಹಿಂದಿನ ಗೋಡೆಯ ಆಚೆಗೇ ಅಡುಗೆಯ ಒಲೆ. ಮೂರು ದಿನ ಕುಕ್ಕರ್ ಕೂಗಿದಾಗಲೆಲ್ಲ ಬೆಚ್ಚಿಬಿದ್ದಳು. ಆದರೂ ಬಾಯಿ ಬಿಡಲಿಲ್ಲ. ಸಾವಿಗಿಂತ ಅವಳಿಗೆ ನಗುವವರ ಭಯವೇ ದೊಡ್ಡದಾಗಿತ್ತು.

ನಾಲ್ಕನೆಯ ದಿನ ಮೇದಪ್ಪನಿಗೆ ಹೇಳಿಬಿಡೋಣವೆಂದು ಡಬ್ಬಿ ಹಿಡಿದು ಹೊಳೆದಂಡೆಗೆ ಬಂದಳು.

"ಏನು ಮಗಳೇ, ಮುಖ ಹಳಸಿದ ಅನ್ನದ ಹಾಗಿದೆ?"

"ಏನಿಲ್ಲ ಮಾವ. ಬಿಸಿಲು."

ಮೇದಪ್ಪ ಡಬ್ಬಿ ತೆರೆದ. ಯಾರು ತುಂಬಿದರು, ಎಲ್ಲಿ ತುಂಬಿದರು ಎಂದು ಕೇಳಲಿಲ್ಲ. ಒಂದು ತೋಟಾ ಎತ್ತಿ ಕೋವಿಗೆ ಹಾಕಿ ಬೋಲ್ಟ್ ಮುಚ್ಚಿದ. ಹೊಳೆಯ ಪಕ್ಕದ ದಿಬ್ಬದ ಬುಡದಲ್ಲಿ ಇಟ್ಟಿದ್ದ ತೆಂಗಿನಕಾಯಿಗೆ ಗುರಿಯಿಟ್ಟ. ಹಿಡಿಗೆ ಕೆನ್ನೆ ಒರಗಿಸಿದ.

ದೇಚಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಲವತ್ತರಲ್ಲಿ ಒಂದು. ಅದೇ ಆಗಿರಲಿಕ್ಕಿಲ್ಲ. ಅದೇ ಆಗಿದ್ದರೆ?

ಮೇದಪ್ಪ ಗುರಿಯಿಂದ ಕಣ್ಣು ತೆಗೆಯಲಿಲ್ಲ.

"ಮಗಳೇ, ಮರದ ಹಿಂದೆ ಯಾಕೆ ನಿಂತೆ?"

ದೇಚಮ್ಮ ಬಗ್ಗಿ ತನ್ನ ಕಾಲು ನೋಡಿಕೊಂಡಳು. ನಿಜವಾಗಿಯೂ ಹಲಸಿನ ಮರದ ಹಿಂದೆ ನಿಂತಿದ್ದಳು. ಯಾವಾಗ ಬಂದಳೋ ಅವಳಿಗೇ ಗೊತ್ತಿರಲಿಲ್ಲ.

"ಹೊಡೀಬೇಡಿ ಮಾವ!"

ಮೇದಪ್ಪ ಬೋಲ್ಟ್ ತೆರೆದು ತೋಟಾ ಹೊರತೆಗೆದ. ಅವಳು ಅಳುತ್ತ ಎಲ್ಲ ಹೇಳಿದಳು.

"ಬೀರುವಿಗೆ ಬೀಗವಿತ್ತೇ?"

"ಇಲ್ಲ."

"ಮನೆಯಲ್ಲಿ ಎಷ್ಟು ಜನ?"

"ಐದು."

"ಅವರಿಗೆ ಹೇಳಿದೆಯಾ?"

"ಇಲ್ಲ ಮಾವ."

"ನೀನು ಬೆಚ್ಚಿಬಿದ್ದೆ. ಅವರು ಅದೇ ಗೋಡೆಗೆ ಒರಗಿ ಕಾಫಿ ಕುಡಿದರು. ಭಾನುವಾರ ಇದನ್ನು ಯಾರ ಕೈಗೆ ಕೊಡೋಳಿದ್ದೆ? ಅಲ್ಲಿ ನಿನಗೆ ಅಡಗಿಕೊಳ್ಳೋಕೆ ಮರವಿದೆಯಾ?"

ಮೇದಪ್ಪ ಗುಂಡು ಕೀಳುವ ಸುತ್ತಿಗೆ ತಂದು ಅವಳ ಮುಂದಿಟ್ಟ. ತೋಟಾವನ್ನು ಅದರ ತಲೆಗೆ ಸಿಕ್ಕಿಸಿ ಕೊರಡಿಗೆ ಬಡಿದರೆ ಗುಂಡೂ ಮದ್ದೂ ಕಳಚಿ ಬೀಳುತ್ತವೆ.

"ನಲವತ್ತನ್ನೂ ಬಿಚ್ಚು. ಒಂದೊಂದರ ಮದ್ದೂ ಬೇರೆ ಬೇರೆ ತೂಗು."

ಮೇದಪ್ಪ ಕೋವಿಗೆ ಹಾಕಿದ್ದನ್ನೇ ಮೊದಲು ಬಿಚ್ಚಿದಳು. ಒಂದೇ ಪಾಲು. ಎರಡನೆಯದೂ ಒಂದೇ ಪಾಲು. ಪ್ರತಿ ಏಟಿಗೂ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಉಳಿದವು ಕಡಿಮೆಯಾದಷ್ಟೂ ಸುತ್ತಿಗೆ ಎತ್ತಲು ಹೆಚ್ಚು ಹೊತ್ತು ತೆಗೆದುಕೊಂಡಳು. ಎರಡು ಪಾಲಿನದು ಉಳಿದವುಗಳಲ್ಲೇ ಇರಬೇಕಲ್ಲ.

ಕೊನೆಯದೊಂದು ಉಳಿಯಿತು. ಇದೇ. ಇನ್ನೇನು ಅನುಮಾನ? ಮುಖ ತಿರುಗಿಸಿ ಬಡಿದಳು. ಮದ್ದು ತಕ್ಕಡಿಗೆ ಸುರಿದಳು.

ಒಂದೇ ಪಾಲು.

ಅವಳು ಮತ್ತೊಮ್ಮೆ ತೂಗಿದಳು. ಆಮೇಲೆ ಅಲ್ಲೇ ನೆಲಕ್ಕೆ ಕುಸಿದು ಕೂತು ನಕ್ಕಳು. ಅಳುವೂ ಬಂತು.

"ಎಲ್ಲ ಸರಿಯಾಗೇ ಇತ್ತು ಮಾವ! ಮೂರು ದಿನ ಸುಮ್ಮನೆ ಹೆದರಿ ಸತ್ತೆ."

ಮೇದಪ್ಪ ಖಾಲಿ ಡಬ್ಬಿಯ ಮುಚ್ಚಳ ಹಾಕಿದ.

"ಈ ಕೆಲಸದಲ್ಲಿ ನೀನು ಸರಿಯಾಗಿ ಮಾಡಿದ್ದು ಆ ಹೆದರಿದ್ದೊಂದೇ ಮಗಳೇ."