ತೂತಿಲ್ಲದ ಅಚ್ಚು

ತುಂಗಕ್ಕನ ಕಾರ್ಖಾನೆಯಲ್ಲಿ ಹಳೇ ಪೇಪರ್ ರುಬ್ಬಿ, ಆ ಹಿಟ್ಟನ್ನ ಅಚ್ಚಿಗೆ ಹಾಕಿ ಮೊಟ್ಟೆ ಟ್ರೇ ಮಾಡ್ತಿದ್ರು. ಅಲ್ಲಿನ ತ್ರೀಡಿ ಪ್ರಿಂಟರ್ ಒಂದಿನ ಹೊಸ ಅಚ್ಚೊಂದನ್ನ ಪದರ ಪದರವಾಗಿ ಕಟ್ತಾ ಇತ್ತು. ಮೈ ಅರ್ಧವೂ ಬಂದಿರಲಿಲ್ಲ, ಬಾಯಿ ಮಾತ್ರ ಪೂರ್ತಿ ಬಂದಿತ್ತು.

"ಏನಯ್ಯಾ, ನನ್ನ ಮೈಗೆ ತೂತು ಇಡ್ತಿದ್ದೀಯಾ?"

"ಡ್ರಾಯಿಂಗಲ್ಲಿ ಮುನ್ನೂರಿದೆ ಸ್ವಾಮಿ," ಅಂತು ಪ್ರಿಂಟರ್.

"ಎಲ್ಲಾ ಮುಚ್ಚು. ನಾನು ಹುಟ್ಟಿರೋದು ಪರಿಸರ ಉಳಿಸೋಕೆ, ಜರಡಿ ಥರ ಕಾಣೋಕಲ್ಲ."

ಮಷಿನ್ನಲ್ಲಿ ಕೂತಿದ್ದ ಮುದಿ ಅಲ್ಯೂಮಿನಿಯಂ ಅಚ್ಚಿಗೆ ನಗು ಬಂತು. "ಮಗಾ, ಎಲ್ಲರ ಮನೆ ದೋಸೇನೂ ತೂತೇ. ಹಿಟ್ಟಿನ ನೀರು ಇಳಿಯೋದೇ ಅದರಲ್ಲಿ. ನಾಳೆ ನೀನು ಒಂದು ಟ್ರೇ ಎಬ್ಬಿಸದಿದ್ರೆ ನನ್ನ ಜಾಗ ನಿನಗೆ ಸಿಗಲ್ಲ."

"ನಿನಗೆ ಹೊಟ್ಟೆಕಿಚ್ಚು ಅಜ್ಜಾ," ಅಂದು ಹೊಸ ಅಚ್ಚು ಮುನ್ನೂರನ್ನೂ ಮುಚ್ಚಿಸಿಕೊಳ್ತು. ಪ್ರಿಂಟರಿಗೇನು, ಯಾರು ಜೋರಾಗಿ ಹೇಳಿದ್ರೂ ಹೂಂ ಅನ್ನೋ ಜಾತಿ.

ಮಾರನೇ ದಿನ ಹಿಟ್ಟು ಹಾಕಿದ್ರು. ಮಧ್ಯಾಹ್ನವಾದ್ರೂ ಒಂದು ಹನಿ ನೀರು ಇಳೀಲಿಲ್ಲ. ಟ್ರೇ ಬದಲು ಗಂಜಿ ಸಿಕ್ತು. ತುಂಗಕ್ಕ ಅಚ್ಚನ್ನ ಬಿಸಿಲಿಗೆ ಹಿಡಿದು ನೋಡಿ ಬಾಯಿ ಬಾಯಿ ಬಿಟ್ಟರು.

"ಅಯ್ಯೋ ಶಿವನೇ, ಇದಕ್ಕೆ ಒಂದು ತೂತೂ ಇಲ್ವಲ್ಲ!"

ಹೊಗಳಿದ್ರು ಅಂದ್ಕೊಂಡು ಅಚ್ಚು ಎದೆ ಉಬ್ಬಿಸ್ತು.

ಈಗ ಅದು ಗೇಟ್ ಹತ್ರ, ಮೂವತ್ತು ಗುಳಿಯಲ್ಲೂ ನೀರು ತುಂಬಿಕೊಂಡು ಕೂತಿದೆ. ಬೀದಿ ನಾಯಿ ದಿನಾ ಬಂದು ಲೊಚಲೊಚ ಕುಡಿಯುತ್ತೆ. "ಏನ್ ಮೈ ಗುರು ನಿಂದು, ಒಂದು ಹನೀನೂ ಸೋರಲ್ಲ!" ಅಂತ ಮನಸಾರೆ ಹೊಗಳಿ, ಅದರ ಪಕ್ಕದಲ್ಲೇ ಕಾಲೆತ್ತುತ್ತೆ.