ಬಣ್ಣದ ತುಕ್ಕು

ಫಲಪುಷ್ಪ ಪ್ರದರ್ಶನಕ್ಕೆಂದು ಮಾಲಿ ಚೌಡಪ್ಪ ಹತ್ತು ದಿನದ ಮಟ್ಟಿಗೆ ‘ಅಜ್ಜಿ ಕಾಲದ ತೋಟ’ ಕಟ್ಟಿದ. ಅಲಂಕಾರಕ್ಕೆ ಗಿಡಗಳಿಗೆ ನೀರುಣಿಸುವ, ತುಕ್ಕು ಹಿಡಿದ ಹಳೆಯ ತಗಡಿನ ಝಾರಿಯೊಂದನ್ನೂ, ತುಕ್ಕಿನ ಬಣ್ಣ ಬಳಿದ ಹೊಸ ಬಕೆಟ್ಟೊಂದನ್ನೂ ಅಕ್ಕಪಕ್ಕ ಇಟ್ಟ. ಜನರೆಲ್ಲ ಬಕೆಟ್ಟಿನ ಪಕ್ಕದಲ್ಲೇ ನಿಂತು ಫೋಟೋ ತೆಗೆಸಿಕೊಂಡರು. ಝಾರಿಗೆ ಒಳಗೊಳಗೇ ಸಂಕಟವಾಯಿತು.

“ಹಳೆಯದೆಂದರೆ ನನ್ನ ಹಾಗೆ ಕಾಣಬೇಕು,” ಎಂದು ಬಕೆಟ್ಟು ಬೀಗಿತು.

ಮೂರನೆಯ ದಿನ ಮಧ್ಯಾಹ್ನ ನಲ್ಲಿ ನಿಂತುಹೋಯಿತು. ಗುಲಾಬಿ ಗಿಡಗಳು ಬಾಡಿ, “ಯಾರಾದರೂ ನೀರು ತನ್ನಿ, ಸಂಜೆಯವರೆಗೆ ನಾವು ಉಳಿಯುವುದಿಲ್ಲ,” ಎಂದು ಬೇಡಿದವು. ಚೌಡಪ್ಪ ಓಡಿಬಂದು, ಪಕ್ಕದ ಕೊಳದಿಂದ ನೀರು ತರಲು ಬಕೆಟ್ಟಿಗೆ ಕೈ ಹಾಕಿದ.

“ಅಯ್ಯೋ, ನನ್ನನ್ನು ಕೊಳದಲ್ಲಿ ಅದ್ದಬೇಡ! ನನ್ನ ವಯಸ್ಸೆಲ್ಲ ತೊಳೆದುಹೋಗುತ್ತದೆ!” ಎಂದು ಬಕೆಟ್ಟು ಕೂಗಿಕೊಂಡಿತು.

“ಸರಿ ಬಿಡು ಮಾರಾಯ, ನಿನ್ನ ಅಂದ ನಿನಗಿರಲಿ,” ಎಂದ ಚೌಡಪ್ಪ.

“ನಾನು ಬರುತ್ತೇನಪ್ಪ, ನಡಿ,” ಎಂದಿತು ಝಾರಿ.

ಕೊಳದಿಂದ ಅದು ಹತ್ತಾರು ಸಲ ನೀರು ಹೊತ್ತು ತಂದಿತು. ತಳ ಸೋರುತ್ತಿದ್ದರೂ ಗಿಡಗಳು ಒಂದೊಂದಾಗಿ ತಲೆಯೆತ್ತಿದವು.

“ನಿನಗೆ ನೀರೆಂದರೆ ಭಯವಿಲ್ಲವೇ?” ಎಂದು ಬಕೆಟ್ಟು ಮೆಲ್ಲಗೆ ಕೇಳಿತು.

“ನನಗೆ ಈ ತುಕ್ಕು ಬಂದದ್ದೇ ನೀರು ಹೊತ್ತು ಹೊತ್ತು,” ಎಂದು ನಕ್ಕು ಝಾರಿ ಮತ್ತೆ ಕೊಳದತ್ತ ಹೊರಟಿತು.