ಬಳೆಗಾರನ ಗಾಡಿ ಕಟ್ಟಿದ ಮೂವರು

"ಸರ್, ಲಿನಕ್ಸ್‌ನಲ್ಲಿ ಆಟ ವೇಗವಾಗಿ ಓಡಬೇಕಾದರೆ ಯಾವ ಮಾಡ್ ಮ್ಯಾನೇಜರ್ ಒಳ್ಳೆಯದು?"

ಕೇಳಿದವನು ನಿಜಗುಣ. ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಕಲಿಸುವ ಚನ್ನಮಲ್ಲ ಮಾಸ್ತರರ ಶಿಷ್ಯ. ಅವನ ತೊಡೆಯ ಮೇಲೆ ಹಳೆಯ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ಲಾರಿ ಓಡಿಸುವ ಒಂದು ಆಟವಿತ್ತು. ಆಟ ವಿಂಡೋಸ್‌ಗೆಂದು ಮಾಡಿದ್ದು. ಲಿನಕ್ಸ್‌ನಲ್ಲಿ ಓಡಲು ನಡುವೆ ದುಭಾಷಿಯಂತೆ ಇನ್ನೊಂದು ಸಾಫ್ಟ್‌ವೇರ್ ಬೇಕು. ಅಷ್ಟಾದರೂ ಮೊದಲು ಚೆನ್ನಾಗಿಯೇ ಓಡುತ್ತಿತ್ತು.

ಆಮೇಲೆ ನಿಜಗುಣ ಅದಕ್ಕೆ ಮಾಡ್‌ಗಳನ್ನು, ಅಂದರೆ ಯಾರುಯಾರೋ ಮಾಡಿ ಹಂಚುವ ಅಲಂಕಾರಗಳನ್ನು ಸೇರಿಸತೊಡಗಿದ. ರಸ್ತೆಬದಿಗೆ ನವಿಲು. ಕೆಸರಿಗೆ ಹೊಳಪು. ಡ್ರೈವರನ ಮೀಸೆಗೆ ಒಂದೊಂದೇ ಕೂದಲು. ಹೀಗೆ ನೂರ ನಲವತ್ತಾಯಿತು. ಈಗ ಲಾರಿ ಮಾರು ದೂರಕ್ಕೊಮ್ಮೆ ನಿಲ್ಲುತ್ತಿತ್ತು. ತಪ್ಪೆಲ್ಲ ಅಲಂಕಾರಗಳನ್ನು ಆಟಕ್ಕೆ ಜೋಡಿಸುವ ಮ್ಯಾನೇಜರಿನದೇ ಎಂದುಕೊಂಡು ಅವನು ಮೂರು ಮ್ಯಾನೇಜರ್ ಬದಲಿಸಿದ್ದ.

ನಾಳೆ ಅವನ ನೀಲಕ್ಕ ಒಂದು ದಿನದ ಮಟ್ಟಿಗೆ ಬರುವವಳಿದ್ದಳು. ಅವಳ ಮದುವೆಗೆ ಮುಂಚೆ ಇಬ್ಬರೂ ಪಾಳಿಯ ಮೇಲೆ ಈ ಲಾರಿ ಓಡಿಸುತ್ತಿದ್ದರು. ಹೋದ ಸಲ ಅವಳು ಬಂದಾಗ, ಒಂದು ನಿಮಿಷ ತಡಿ ಅಕ್ಕ ಎಂದು ಇವನು ಮ್ಯಾನೇಜರ್ ಬದಲಿಸಲು ಕೂತ. ಅವಳು ಊಟ ಮಾಡಿದಳು, ಮಲಗಿ ಎದ್ದಳು, ಚಹಾ ಕುಡಿದಳು, ಬಸ್ಸು ಹತ್ತಿದಳು. ಈಗ ಅವಳಿಗೆ ಐದು ತಿಂಗಳು. ಇನ್ನು ಬರುವುದು ಹೆರಿಗೆಗೆ. ಹೆರಿಗೆಗೆ ಬಂದವಳನ್ನು ಅವ್ವ ಲ್ಯಾಪ್‌ಟಾಪಿನ ಮುಂದೆ ಕೂರಗೊಡುವುದಿಲ್ಲ, ಆಮೇಲೆ ಕೂಸು ಎಲ್ಲಿಯೂ ಕೂರಗೊಡುವುದಿಲ್ಲ.

ಇದನ್ನೆಲ್ಲ ಕೇಳಿದ ಮಾಸ್ತರರು ಕನ್ನಡಕ ತೆಗೆದಿಟ್ಟು ಕತೆ ಹೇಳತೊಡಗಿದರು.

ಒಬ್ಬ ಬಳೆಗಾರನಿದ್ದ. ಅವನದು ಒಂಟೆತ್ತಿನ ಗಾಡಿ. ಎತ್ತು ಪರಸೀಮೆಯದು, ಇಲ್ಲಿನ ಮಾತು ಅದಕ್ಕೆ ತಿಳಿಯದು. ಬಳೆಗಾರ ನಡಿ ಎಂದರೆ, ಪಕ್ಕದಲ್ಲಿ ನಡೆಯುವ ಆಳು ಅದನ್ನು ಎತ್ತಿನ ಸೀಮೆಯ ಮಾತಿಗೆ ತಿರುಗಿಸಿ ಹೇಳಬೇಕು. ಆದರೂ ಗಾಡಿ ಎಂದೂ ಹೊತ್ತು ಮೀರಿರಲಿಲ್ಲ.

ಒಮ್ಮೆ ದೂರದ ಊರಿನ ಸಾಹುಕಾರರ ಮನೆಯಿಂದ ಕರೆ ಬಂತು. ಸೊಸೆಗೆ ಸೀಮಂತ, ಹಸಿರು ಬಳೆ ತೊಡಿಸಲು ಬರಬೇಕು. ದೊಡ್ಡವರ ಮನೆಗೆ ಬೋಳು ಗಾಡಿಯಲ್ಲಿ ಹೋಗುವುದೇ? ಬಳೆಗಾರ ಗಾಡಿಗೆ ಗಂಟೆ ಕಟ್ಟಿದ, ಕನ್ನಡಿ ಕಟ್ಟಿದ, ಹಿತ್ತಾಳೆಯ ಕೊಡ ಕಟ್ಟಿದ, ಮರದ ನವಿಲು ಕಟ್ಟಿದ. ಒಂದು ಬೀಸುವ ಕಲ್ಲನ್ನೂ ಕಟ್ಟಿದ. ಅದು ಏಕೆಂದು ಅವನಿಗೂ ಗೊತ್ತಿರಲಿಲ್ಲ. ಯಾರದೋ ಗಾಡಿಯಲ್ಲಿ ನೋಡಿದ್ದ.

ಮೊದಲ ಊರು ಮುಟ್ಟುವಷ್ಟರಲ್ಲಿ ಎತ್ತಿನ ಬಾಯಲ್ಲಿ ನೊರೆ ಬಂತು. ಕಟ್ಟಿದ್ದು ಸರಿಯಾಗಿಲ್ಲ ಎಂದು ಬಳೆಗಾರ ಒಬ್ಬ ಕಟ್ಟುಗಾರನನ್ನು ಹಿಡಿದ. ಅವನು ಎಲ್ಲವನ್ನೂ ಬಿಚ್ಚಿ, ಮೊಳೆ ಹೊಡೆದು ಕೂರಿಸಿದ. ಹದಿನೈದು ದಿನ ಹೋಯಿತು. ಎತ್ತು ತೆವಳಿತು. ಎರಡನೆಯ ಊರಿನವನು ಮೊಳೆ ಕಿತ್ತು ಹುರಿಯಿಂದ ಬಿಗಿದ. ತಿಂಗಳು ಹೋಯಿತು. ಎತ್ತು ಅಷ್ಟೇ ತೆವಳಿತು. ಬಳೆಗಾರ ದಿನ ಎಣಿಸಲಿಲ್ಲ, ಗಂಟು ಎಣಿಸಿದ.

ಮೂರನೆಯ ಊರಿನವನು ಗಾಡಿಯ ಮೇಲೆ ಬಿದಿರಿನ ಚೌಕಟ್ಟು ನಿಲ್ಲಿಸಿ ಎಲ್ಲವನ್ನೂ ಅದಕ್ಕೇ ತೂಗುಹಾಕಿದ. ಗಾಡಿಯ ಮರಕ್ಕೆ ಒಂದು ಗೀರೂ ಬೀಳಲಿಲ್ಲ. ಬೇಡವಾದಾಗ ಈ ಹಗ್ಗದ ತುದಿ ಎಳೆದರೆ ಸಾಕು, ಎಲ್ಲ ಒಮ್ಮೆಗೇ ಕಳಚಿಕೊಳ್ಳುತ್ತದೆ ಎಂದ. ಬಳೆಗಾರನಿಗೆ ನಗು ಬಂತು. ಇಷ್ಟು ಚೆಂದದ್ದನ್ನು ಬೇಡವೆನ್ನುವವರುಂಟೇ? ತುದಿಯನ್ನು ಮಡಚಿ, ತಾನು ಕೂರುವ ಗೋಣಿಯ ಕೆಳಗೆ ತುರುಕಿ, ಅದರ ಮೇಲೆಯೇ ಕೂತ.

ಗಾಡಿ ಕಡೆಗೂ ಸಾಹುಕಾರರ ಬಾಗಿಲಿಗೆ ಬಂತು. ಒಳಗೆ ತೊಟ್ಟಿಲು ತೂಗುವ ಸದ್ದು ಕೇಳುತ್ತಿತ್ತು. ಆ ಮನೆಯ ಅಜ್ಜಿ ಹೊರಗೆ ಬಂದು, ಗಾಡಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಬಾರಪ್ಪ ಬಳೆಗಾರ. ಹಸಿರು ಬಳೆ ಗಾಡಿಯಲ್ಲೇ ಇರಲಿ. ನಮಗೀಗ ಕೂಸಿನ ಕೈಗೆ ಕರಿಬಳೆ ಬೇಕು, ಇದೆಯೇನು?"

ಅವನಲ್ಲಿ ನವಿಲಿತ್ತು, ಕೊಡವಿತ್ತು, ಬೀಸುವ ಕಲ್ಲಿತ್ತು. ಕರಿಬಳೆ ಇರಲಿಲ್ಲ.

ಮಾಸ್ತರರು ಕತೆ ನಿಲ್ಲಿಸಿದರು. ನಿಜಗುಣ ಹೊಟ್ಟೆ ಹಿಡಿದು ನಕ್ಕ. ಇಂಥ ಪೆದ್ದನೂ ಇರುತ್ತಾನೆಯೇ ಎಂದ. ನಕ್ಕು ಮುಗಿದ ಮೇಲೆ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡ. ನಾಲ್ಕನೆಯ ಮ್ಯಾನೇಜರ್ ಇಂಟರ್‌ನೆಟ್‌ನಿಂದ ಆಗಲೇ ಅರ್ಧ ಇಳಿದಿತ್ತು.

"ಅದಿರಲಿ ಸರ್, ಆ ಮೂವರಲ್ಲಿ ಒಳ್ಳೆಯವನು ಯಾರು?"

"ಮೂರನೆಯವನು, ತಮ್ಮಾ. ನಾಳೆ ನಿಮ್ಮಕ್ಕ ಬಸ್ಸು ಇಳಿಯುವ ಮೊದಲು ನಿನ್ನ ಗೋಣಿಯ ಕೆಳಗೊಮ್ಮೆ ಕೈಹಾಕಿ ನೋಡು."

ನಿಜಗುಣ ಇಳಿಯುತ್ತಿದ್ದ ಮ್ಯಾನೇಜರನ್ನು ಅಲ್ಲೇ ನಿಲ್ಲಿಸಿ, ಇದ್ದದ್ದರಲ್ಲೇ ನೂರ ನಲವತ್ತನ್ನೂ ಒಮ್ಮೆಗೇ ಕಳಚುವ ಗುಂಡಿ ಎಲ್ಲಿದೆಯೆಂದು ಹುಡುಕತೊಡಗಿದ.